ಒಂದು ಕಪಾಟಿನಲ್ಲಿ ಅವಧಿ ಮೀರುವ ರಕ್ತ, ಅದೇ ವಾರ ಕೊರತೆ: ಸಣ್ಣ ಆಸ್ಪತ್ರೆಯ ದಾಸ್ತಾನನ್ನು ಹೇಗೆ ಹೊಂದಿಸಬೇಕು?

ಪ್ರಶ್ನೆ, ಡೊಂಬಿವಲಿಯಿಂದ

ಮುಂಬೈ ಬಳಿಯ ಡೊಂಬಿವಲಿಯ ಸಣ್ಣ ಆಸ್ಪತ್ರೆಯೊಂದರಲ್ಲಿ ರಕ್ತ ಸಂಗ್ರಹಣಾ ಕೊಠಡಿಯ ಹೊಣೆ ಎರಡು ವರ್ಷಗಳಿಂದ ನನ್ನ ಮೇಲಿದೆ. ನಮ್ಮದು ಪೂರ್ಣ ಪ್ರಮಾಣದ ರಕ್ತನಿಧಿಯಲ್ಲ. ದಾನಿಗಳಿಂದ ರಕ್ತ ಪಡೆಯುವ ಅನುಮತಿ ನಮಗಿಲ್ಲ. ಠಾಣೆ ನಗರದ ಮಾತೃ ರಕ್ತನಿಧಿಯಿಂದ ಪರೀಕ್ಷೆ ಮುಗಿದ ಚೀಲಗಳನ್ನು ತಂದು, 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಪಾಡಿ, ಬೇಡಿಕೆ ಬಂದಾಗ ಕ್ರಾಸ್‌ಮ್ಯಾಚ್ ಮಾಡಿ, ಅಂದರೆ ಚೀಲದ ರಕ್ತ ರೋಗಿಯ ರಕ್ತಕ್ಕೆ ಹೊಂದುತ್ತದೆಯೇ ಎಂದು ಪರೀಕ್ಷಿಸಿ ಕೊಡುತ್ತೇವೆ.

ಕಳೆದ ಏಪ್ರಿಲ್‌ನಲ್ಲಿ ಎ ಪಾಸಿಟಿವ್ ಕೆಂಪುಕಣಗಳ ನಾಲ್ಕು ಚೀಲಗಳು ಅವಧಿ ಮೀರಿದವು. ಅವುಗಳ ಸಂಖ್ಯೆಯನ್ನು ವಿಲೇವಾರಿ ಪುಸ್ತಕದಲ್ಲಿ ಬರೆದು ಸಹಿ ಹಾಕಿದವನು ನಾನೇ. ಅದೇ ವಾರ ರಾತ್ರಿ ಹನ್ನೊಂದರ ಹೊತ್ತಿಗೆ ಹೆರಿಗೆಯಾದ ತಾಯಿಯೊಬ್ಬರಿಗೆ ರಕ್ತಸ್ರಾವ ನಿಲ್ಲದಿದ್ದಾಗ, ಎರಡು ಬಿ ಪಾಸಿಟಿವ್ ಚೀಲಗಳ ನಂತರ ಮೂರನೆಯದು ನಮ್ಮಲ್ಲಿರಲಿಲ್ಲ. ಇದ್ದ ಎರಡು ಓ ಪಾಸಿಟಿವ್ ಚೀಲಗಳನ್ನು ಕೊಟ್ಟು ವೈದ್ಯರು ಹೇಗೋ ಸಮಯ ತಳ್ಳಿದರು. ಮುಂಬ್ರಾ ಬೈಪಾಸ್ ದಾಟಿ ನಮ್ಮ ಹುಡುಗ ಪೆಟ್ಟಿಗೆ ಹಿಡಿದು ಬರುವಷ್ಟರಲ್ಲಿ ಒಂದೂಮುಕ್ಕಾಲು ಗಂಟೆ ಕಳೆದಿತ್ತು. ತಾಯಿ ಉಳಿದರು. ಆದರೆ ಆ ರಾತ್ರಿಯ ನಂತರ ನನಗೆ ನೆಮ್ಮದಿಯಿಲ್ಲ. ಪ್ರತಿ ಗುಂಪಿನ ಎಷ್ಟು ಚೀಲ ಇಟ್ಟುಕೊಳ್ಳಬೇಕು? ಹೆಚ್ಚು ತಂದರೆ ಹಾಳು, ಕಡಿಮೆ ತಂದರೆ ಪ್ರಾಣಾಪಾಯ ಎಂಬ ಈ ಇಕ್ಕಟ್ಟಿನಿಂದ ಹೊರಬರುವ ದಾರಿ ಅನುಭವಸ್ಥರಿಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ.

ಉತ್ತರ, ಪರೇಲ್‌ನಿಂದ

ನಾನು ಹದಿನೆಂಟು ವರ್ಷಗಳಿಂದ ರಕ್ತನಿಧಿಯ ತಂತ್ರಜ್ಞ. ಎಷ್ಟು ಚೀಲ ತರಬೇಕು ಎಂಬ ಪ್ರಶ್ನೆಗೆ ಮೊದಲು, ತಂದ ಚೀಲಗಳು ಎಲ್ಲಿ ಸಿಕ್ಕಿಬೀಳುತ್ತಿವೆ ಎಂದು ನೋಡಿ. ಅವಧಿ ಮೀರಿದ ಆ ನಾಲ್ಕು ಚೀಲಗಳ ಕ್ರಾಸ್‌ಮ್ಯಾಚ್ ದಾಖಲೆಯನ್ನು ತೆಗೆಯಿರಿ. ನಮ್ಮಲ್ಲಿ ಒಮ್ಮೆ ಹೀಗೆ ತೆಗೆದಾಗ ಒಂದೇ ಚೀಲದ ಕೊರಳಿಗೆ ನಾಲ್ಕು ರೋಗಿಗಳ ಹೆಸರಿನ ಚೀಟಿಗಳನ್ನು ಒಂದರ ನಂತರ ಒಂದರಂತೆ ಕಟ್ಟಿ ಬಿಚ್ಚಿದ್ದು ಕಂಡಿತು. ಪ್ರತಿ ಶಸ್ತ್ರಚಿಕಿತ್ಸೆಗೂ ‘ಇರಲಿ, ಎರಡು ಚೀಲ’ ಎಂದು ಕೇಳುತ್ತಿದ್ದರು, ಮೂರು ಮೂರು ದಿನ ಅದು ಕಾಯ್ದಿರಿಸಿದ ಚೀಲಗಳ ಸಾಲಿನಲ್ಲೇ ಕೂರುತ್ತಿತ್ತು, ಯಾರಿಗೂ ಏರಿಸಲಿಲ್ಲ. ಹನ್ನೆರಡು ದಿನ ಹಾಗೆಯೇ ಹೋಗಿತ್ತು. ಹೆಪ್ಪುಗಟ್ಟದಂತೆ ಕಾಪಾಡುವ ಸಿಪಿಡಿಎ ದ್ರಾವಣದಲ್ಲಿರುವ ರಕ್ತಕ್ಕೆ 35 ದಿನ, ಎಸ್‌ಎಜಿಎಂ ಎಂಬ ಪೋಷಕ ದ್ರಾವಣ ಸೇರಿಸಿದ ಕೆಂಪುಕಣಗಳಿಗೆ 42 ದಿನ ಆಯಸ್ಸು. ಅದರಲ್ಲಿ ಹನ್ನೆರಡು ದಿನವೆಂದರೆ ಸಣ್ಣ ಮಾತಲ್ಲ.

ಆದ್ದರಿಂದ ತಿಂಗಳಿಗೊಮ್ಮೆ, ಕ್ರಾಸ್‌ಮ್ಯಾಚ್ ಮಾಡಿದ ಚೀಲಗಳ ಸಂಖ್ಯೆಯನ್ನು ನಿಜವಾಗಿ ಏರಿಸಿದ ಚೀಲಗಳ ಸಂಖ್ಯೆಯಿಂದ ಭಾಗಿಸಿ ನೋಡಿ. ಉತ್ತರ 2ರ ಆಸುಪಾಸಿನಲ್ಲಿದ್ದರೆ ಸರಿ; 2.5 ಮೀರಿದರೆ ನಿಮ್ಮ ವೈದ್ಯರು ಅಗತ್ಯಕ್ಕಿಂತ ಹೆಚ್ಚು ಕಟ್ಟಿಡಿಸುತ್ತಿದ್ದಾರೆ ಎಂದರ್ಥ. ರಕ್ತ ಬೇಕಾಗುವುದು ಅಪರೂಪವಾಗಿರುವ ಶಸ್ತ್ರಚಿಕಿತ್ಸೆಗಳಿಗೆ ಗುಂಪು ಪರೀಕ್ಷೆ ಮತ್ತು ಪ್ರತಿಕಾಯ ತಪಾಸಣೆಯಷ್ಟನ್ನೇ ಮಾಡಿಟ್ಟರೆ ಸಾಕು. ಬೇಕಾದರೆ ಕೆಲವೇ ನಿಮಿಷಗಳಲ್ಲಿ ಚೀಲ ಕೊಡಬಹುದು. ಕಾಯ್ದಿರಿಸುವ ಅವಧಿಯನ್ನು 24 ಗಂಟೆಗೆ ಇಳಿಸಿ, ಅದು ಮುಗಿದ ಕೂಡಲೇ ಚೀಲವನ್ನು ತೆರೆದ ದಾಸ್ತಾನಿಗೆ ಮರಳಿಸಿ. ಶಸ್ತ್ರಚಿಕಿತ್ಸಕರು ಮೊದಲ ತಿಂಗಳು ಕೋಪಿಸಿಕೊಳ್ಳುತ್ತಾರೆ. ಅವರೆದುರು ಅಂಕಿಗಳನ್ನಿಡಿ, ವಾದ ಬೇಡ.

ಇನ್ನು ಸಂಖ್ಯೆಯ ವಿಚಾರ. ಸಂಗ್ರಹಣಾ ಕೇಂದ್ರಗಳ ಮಾರ್ಗಸೂಚಿಯಲ್ಲಿ ಆರಂಭಕ್ಕೆ ಎ, ಬಿ, ಓ ಪಾಸಿಟಿವ್ ತಲಾ 5, ಎಬಿ ಪಾಸಿಟಿವ್ 2, ಎ, ಬಿ, ಓ ನೆಗೆಟಿವ್ ತಲಾ 1 ಎಂದಿದೆ. ಅದು ಬಾಗಿಲು ತೆರೆಯುವ ದಿನದ ಲೆಕ್ಕ. ಅದನ್ನೇ ಎರಡು ವರ್ಷ ಹಿಡಿದುಕೊಂಡು ಕೂತರೆ ಎ ಮಿಗುತ್ತದೆ, ಬಿ ಸಾಲದು. ನಮ್ಮ ಕಡೆಯ ಜನರಲ್ಲಿ ಬಿ ಮತ್ತು ಓ ಗುಂಪಿನವರೇ ಹೆಚ್ಚು. ಕಳೆದ ಮೂರು ತಿಂಗಳಲ್ಲಿ ಪ್ರತಿ ಗುಂಪಿನಲ್ಲಿ ನಿಜವಾಗಿ ಎಷ್ಟು ಏರಿಸಿದ್ದೀರಿ ಎಂದು ಎಣಿಸಿ, ಎರಡು ಸರಬರಾಜುಗಳ ನಡುವಿನ ದಿನಗಳಿಗೆ ಸಾಲುವಷ್ಟನ್ನು ಆಯಾ ಗುಂಪಿನಲ್ಲಿ ಇಟ್ಟುಕೊಳ್ಳಿ. ಅನಿರೀಕ್ಷಿತ ರಕ್ತಸ್ರಾವಕ್ಕೆ ಬೇಕಾದ ಹೆಚ್ಚುವರಿ ನಾಲ್ಕು ಚೀಲಗಳನ್ನು ಮಾತ್ರ ಓ ಪಾಸಿಟಿವ್‌ನಲ್ಲೇ ಇಡಿ, ಏಕೆಂದರೆ ಆ ಕೆಂಪುಕಣಗಳು ಎಲ್ಲ ಪಾಸಿಟಿವ್ ಗುಂಪಿನವರಿಗೂ ಆಗುತ್ತವೆ. ಪ್ರತಿ ಗುಂಪಿನಲ್ಲೂ ಬೇರೆ ಬೇರೆ ಆಪತ್ಕಾಲದ ಚೀಲ ಇಡುವ ಪ್ರಮೇಯವೇ ಇರುವುದಿಲ್ಲ. ಆ ರಾತ್ರಿ ನಿಮ್ಮ ವೈದ್ಯರು ಮಾಡಿದ್ದು ಸರಿಯಾದ ಕೆಲಸವೇ. ಆದರೆ ಸ್ವಂತ ಗುಂಪಿನ ರಕ್ತ ಸಿಕ್ಕ ಕೂಡಲೇ ಅದಕ್ಕೆ ಮರಳಬೇಕು. ಇಲ್ಲದಿದ್ದರೆ ಓ ಗುಂಪಿನ ರೋಗಿಗೇ ಓ ಇಲ್ಲದಂತಾಗುತ್ತದೆ.

ಉತ್ತರ, ಮಾಟುಂಗದಿಂದ

ನಾನು ತಂತ್ರಜ್ಞನಲ್ಲ, ನಮ್ಮ ಕನ್ನಡ ಬಳಗದ ರಕ್ತದಾನ ಶಿಬಿರಗಳನ್ನು ನೋಡಿಕೊಳ್ಳುವವನು. ಏಪ್ರಿಲ್, ಮೇ ತಿಂಗಳ ಕೊರತೆಯಲ್ಲಿ ನಮ್ಮ ಪಾಲೂ ಇದೆ ಎಂದು ಒಪ್ಪಿಕೊಳ್ಳಬೇಕು. ಶಾಲೆಗೆ ರಜೆ ಬಿದ್ದ ಕೂಡಲೇ ಕುಟುಂಬಗಳು ಊರಿಗೆ ಹೊರಡುತ್ತವೆ. ಮದುವೆ, ಕೋಲ, ಯಕ್ಷಗಾನಗಳೆಂದು ಹೋಟೆಲಿನ ಹುಡುಗರೂ ಉಡುಪಿ, ಮಂಗಳೂರಿನ ರೈಲು ಹತ್ತುತ್ತಾರೆ. ಕಾಲೇಜುಗಳೂ ಮುಚ್ಚಿರುತ್ತವೆ. ಹಾಗಿರುವಾಗ ನಾವು ಮಾಡುತ್ತಿದ್ದುದೇನು? ಜನವರಿ 26ರಂದು ಒಂದು ದೊಡ್ಡ ಶಿಬಿರ. ಬ್ಯಾನರ್, ಅತಿಥಿ, ಫೋಟೋ ಎಲ್ಲವೂ ಚೆನ್ನಾಗಿರುತ್ತಿದ್ದವು, ಆದರೆ ಒಂದೇ ದಿನ ತೆಗೆದ ಅಷ್ಟೂ ರಕ್ತದ ಆಯಸ್ಸು ಮಾರ್ಚ್ ಎರಡನೆಯ ವಾರದೊಳಗೆ ಸರಿಸುಮಾರು ಒಟ್ಟಿಗೆ ಮುಗಿಯುತ್ತಿತ್ತು.

ಈಗ ಅದೇ ದಾನಿಗಳನ್ನು ನಾಲ್ಕು ತಂಡಗಳಾಗಿ ಹಂಚಿ, ನಾಲ್ಕು ವಾರಕ್ಕೊಮ್ಮೆ ಒಂದು ತಂಡವನ್ನು ಕರೆಯುತ್ತಿದ್ದೇವೆ. ಗಂಡಸರು 90 ದಿನ, ಹೆಂಗಸರು 120 ದಿನ ಬಿಟ್ಟು ಮತ್ತೆ ಕೊಡಬಹುದಾದ್ದರಿಂದ ಸರದಿ ಸುಲಭವಾಗಿ ಕೂಡಿಬರುತ್ತದೆ. ಹೆಂಗಸರ ಸರದಿ ಮಾತ್ರ ಒಂದು ಸುತ್ತು ತಡವಾಗಿ ಬರುತ್ತದೆ. ಊರಿಗೆ ಹೋಗುವವರನ್ನು ಏಪ್ರಿಲ್ ಎರಡನೆಯ ವಾರಕ್ಕೆ, ರೈಲಿನ ಟಿಕೆಟ್ ದಿನಾಂಕ ಕೇಳಿಯೇ ಕರೆಯುತ್ತೇವೆ. ನೀವು ಶಿಬಿರ ನಡೆಸುವಂತಿಲ್ಲ, ನಿಜ. ಆದರೆ ಡೊಂಬಿವಲಿಯಲ್ಲಿ ಕನ್ನಡಿಗರು ಕಡಿಮೆಯೇನಿಲ್ಲ; ನಿಮ್ಮ ಬಳಿ ಬಿ ಮತ್ತು ಓ ಗುಂಪಿನ ಇಪ್ಪತ್ತು ಜನರ ಪಟ್ಟಿ ಇದ್ದರೆ, ನೀವು ಹೇಳಿದ ವಾರ ಅವರು ಮಾತೃ ರಕ್ತನಿಧಿಗೇ ಹೋಗಿ ಕೊಟ್ಟು ಬರಬಹುದು.

ಉತ್ತರ, ಮಡಗಾಂವ್‌ನಿಂದ

ಎರಡು ಮಾತು ಸೇರಿಸುತ್ತೇನೆ. ಪ್ಲೇಟ್‌ಲೆಟ್‌ಗಳನ್ನು ದಾಸ್ತಾನು ಇಡುವ ಯೋಚನೆ ನಿಮಗೆ ಬೇಡ. ಅವಕ್ಕೆ 20ರಿಂದ 24 ಡಿಗ್ರಿಯಲ್ಲಿ ಬಿಡದೆ ಅಲುಗಾಡಿಸುವ ಯಂತ್ರ ಬೇಕು, ಆಯಸ್ಸು ಐದೇ ದಿನ. ಮಳೆಗಾಲದ ಡೆಂಗಿ ದಿನಗಳಲ್ಲಿ ಅವು ಎಲ್ಲಿ ಸಿಗುತ್ತವೆ ಎಂಬುದನ್ನು ರಕ್ತನಿಧಿಗಳ ದಾಸ್ತಾನು ತೋರಿಸುವ ಸರ್ಕಾರಿ ಜಾಲತಾಣ ಇ-ರಕ್ತಕೋಶ್‌ನಲ್ಲಿ ನೋಡಿ, ಫೋನ್ ಮಾಡಿ ಖಚಿತಪಡಿಸಿಕೊಂಡು ತರಿಸುವುದೇ ಸರಿ.

ಎರಡನೆಯದು, ಬಾಂಬೆ ರಕ್ತಗುಂಪು. 1952ರಲ್ಲಿ ಮುಂಬೈಯಲ್ಲೇ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು ಗುರುತಿಸಿದ ಈ ಗುಂಪಿನವರ ಕೆಂಪುಕಣಗಳಲ್ಲಿ, ಓ ಕಣಗಳ ಮೇಲೂ ಇರುವ ಎಚ್ ಪ್ರತಿಜನಕ ಎಂಬ ಗುರುತೇ ಇರುವುದಿಲ್ಲ. ಕಣಗಳನ್ನಷ್ಟೇ ಪರೀಕ್ಷಿಸಿದರೆ ಓ ಎಂದೇ ಕಾಣುತ್ತದೆ. ಅವರ ರಕ್ತದ ತಿಳಿದ್ರವವಾದ ಸೀರಮ್ಮನ್ನು ಓ ಕಣಗಳ ಜೊತೆ ಸೇರಿಸಿದಾಗ ಮಾತ್ರ ಗಂಟುಗಟ್ಟಿ ನಿಜ ಹೊರಬರುತ್ತದೆ. ಅವರಿಗೆ ಓ ರಕ್ತವೂ ಅಪಾಯಕಾರಿ. ನಿಮ್ಮ ಆಪತ್ಕಾಲದ ಚೀಲಗಳೆಲ್ಲ ಓ ಆಗಿರುವುದರಿಂದಲೇ ಈ ಎಚ್ಚರ ಹೇಳುತ್ತಿದ್ದೇನೆ. ತುರ್ತಿನಲ್ಲಿ ಕೊಟ್ಟರೂ ಹಿಂದೆಯೇ ಕ್ರಾಸ್‌ಮ್ಯಾಚ್ ಮುಗಿಸಿ. ಇಂಥ ಅಪರೂಪದ ಗುಂಪಿನ ಚೀಲವನ್ನು ಇಟ್ಟು ಕಾಯುವುದರಲ್ಲಿ ಅರ್ಥವಿಲ್ಲ, ಕರೆದರೆ ಬರುವ ದಾನಿ ಯಾರು ಎಂಬುದು ಯಾವ ರಕ್ತನಿಧಿಗೆ ಗೊತ್ತಿದೆ ಎಂದು ತಿಳಿದಿಟ್ಟುಕೊಳ್ಳಿ.

ಮರುಮಾತು, ಡೊಂಬಿವಲಿಯಿಂದ

ಪರೇಲ್‌ನವರು ಹೇಳಿದಂತೆ ನಿನ್ನೆ ಸಂಜೆ ದಾಖಲೆ ತೆಗೆದೆ. ನಾಲ್ಕರಲ್ಲಿ ಮೂರು ಚೀಲಗಳನ್ನು ಎರಡಕ್ಕಿಂತ ಹೆಚ್ಚು ಸಲ ಕಾಯ್ದಿರಿಸಿದ್ದೆವು. ನಾಲ್ಕನೆಯದು ನಮ್ಮಲ್ಲಿಗೆ ಬಂದಾಗಲೇ ಅದಕ್ಕೆ ಉಳಿದದ್ದು ಒಂಬತ್ತು ದಿನ; ಪಡೆಯುವಾಗ ಸಂಖ್ಯೆ, ಗುಂಪು ನೋಡಿದ್ದೆ, ದಿನಾಂಕವನ್ನು ಗಮನಿಸಿರಲಿಲ್ಲ. ಇಂತಹ ಚೀಲಗಳನ್ನು ಹಿಂದಿರುಗಿಸಲು ಸಾಧ್ಯವೇ?

ಉತ್ತರ, ಪರೇಲ್‌ನಿಂದ

ಸಾಧ್ಯ. ಬಳಕೆಯಾಗದ ಚೀಲವನ್ನು ಅವಧಿ ಮುಗಿಯುವ ಕನಿಷ್ಠ ಹತ್ತು ದಿನ ಮೊದಲು ಮಾತೃ ರಕ್ತನಿಧಿಗೆ ಮರಳಿಸಿ, ಬದಲಿಗೆ ಹೊಸದನ್ನು ಪಡೆಯುವ ಕ್ರಮ ಮಾರ್ಗಸೂಚಿಯಲ್ಲೇ ಇದೆ. ದೊಡ್ಡ ಕೇಂದ್ರದಲ್ಲಿ ಹತ್ತು ದಿನವೆಂದರೆ ಆ ಚೀಲ ಯಾರಿಗಾದರೂ ಖಂಡಿತ ಬಳಕೆಯಾಗುತ್ತದೆ. ನಿಮ್ಮ ಒಪ್ಪಂದದಲ್ಲಿ ಈ ಮಾತು ಇದೆಯೇ ನೋಡಿ, ಇಲ್ಲದಿದ್ದರೆ ಸೇರಿಸಿ. ಜೊತೆಗೆ, ಇಪ್ಪತ್ತು ದಿನಕ್ಕಿಂತ ಕಡಿಮೆ ಆಯಸ್ಸು ಉಳಿದ ಚೀಲಗಳನ್ನು ಕಳುಹಿಸಬಾರದೆಂದು ಬರೆಸಿಕೊಳ್ಳಿ. ಮರಳಿಸುವ ದಿನವನ್ನು ಚೀಲ ಬಂದ ದಿನವೇ ಕೆಂಪು ಶಾಯಿಯಲ್ಲಿ ಕಪಾಟಿನ ಬಾಗಿಲ ಮೇಲಿನ ಹಾಳೆಯಲ್ಲಿ ಬರೆದುಬಿಡಿ. ಪೆಟ್ಟಿಗೆಯ ಉಷ್ಣತೆ ದಾರಿಯುದ್ದಕ್ಕೂ ಸರಿಯಿತ್ತು ಎಂಬ ದಾಖಲೆ ಇಲ್ಲದಿದ್ದರೆ ಅವರು ಚೀಲ ಮುಟ್ಟುವುದಿಲ್ಲ, ಆದ್ದರಿಂದ ಹುಡುಗನ ಕೈಗೆ ತಾಪಮಾಪಕವನ್ನೂ ಕೊಟ್ಟು ಕಳುಹಿಸಿ.