ಕಟ್ಟೆ ಕಟ್ಟಿದೋರು ಯಾರು ಅಂತ ನಮ್ಮನೆ ಗುಂಪಲ್ಲಿ

ಸೆಪ್ಟೆಂಬರ್ 15, ಎಂಜಿನಿಯರುಗಳ ದಿನ. ಬೆಳಗ್ಗೆ ಆರೂವರೆಗೇ ಅಣ್ಣ ನಮ್ಮ ಮಂಡ್ಯದ ಮನೆ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದ. ವಿಶ್ವೇಶ್ವರಯ್ಯನವರ ಜೀವನ ಚರಿತ್ರೆ. ಸರ್ಕಾರಿ ಕೆಲಸಕ್ಕೊಂದು, ಸ್ವಂತಕ್ಕೊಂದು ಅಂತ ಎರಡು ಮೇಣದಬತ್ತಿ ಉರಿಸಿದ ಕತೆ, ರೈಲಿನ ಹಳಿಯ ಕತೆ ಎಲ್ಲ ಇತ್ತು. ನಡುವೆ ದಪ್ಪಕ್ಷರದಲ್ಲಿ, ಅವರೊಬ್ಬರೇ ನಿಂತು ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ಕಟ್ಟಿ ಮುಗಿಸಿದರು ಅಂತ ಒಂದು ಸಾಲು. ಆಮೇಲೆ ನಡೆದ ಮಾತನ್ನ ಎಲ್ಲರ ಒಪ್ಪಿಗೆ ಪಡೆದು ಇಲ್ಲಿ ಹಾಕ್ತಿದ್ದೀನಿ. ನನ್ನ ಫೋನಿನಲ್ಲಿ ಎಲ್ಲರೂ ಸಂಬಂಧದ ಹೆಸರಲ್ಲೇ ಇರೋದು, ಹಾಗೇ ಬಿಟ್ಟಿದ್ದೀನಿ.

ದೊಡ್ಡಪ್ಪ: ಪುಣ್ಯಾತ್ಮ. ನಾವು ಉಣ್ಣೋ ಒಂದೊಂದು ಅಗುಳ ಮ್ಯಾಲೂ ಅವರ ಹೆಸ್ರು ಅದೆ.

ಚಿಕ್ಕಪ್ಪ: ಶತಕೋಟಿ ನಮನ.

ಮೈಸೂರು ಅತ್ತೆ: ನನ್ನ ನಮಸ್ಕಾರನೂ ಸೇರಿಸ್ಕೊಳ್ಳಿ. ಆದ್ರೆ ಮರಿ, "ಕಟ್ಟಿ ಮುಗಿಸಿದರು" ಅನ್ನೋದು ತಪ್ಪು. ಕೆಲಸ ಶುರುವಾಗಿದ್ದು 1911ರ ನವೆಂಬರ್‌ನಲ್ಲಿ. ಅವರು ದಿವಾನಗಿರಿ ಬಿಟ್ಟಿದ್ದು 1918ರಲ್ಲಿ. ಕಟ್ಟೆ ಮುಗಿದಿದ್ದು 1931ರಲ್ಲಿ. ಆ ಹೊತ್ತಿಗೆ ದಿವಾನರು ಮಿರ್ಜಾ ಇಸ್ಮಾಯಿಲ್. ನಡುವೆ ಹದಿಮೂರು ವರ್ಷ ಬೇರೆಯವರು ಬೆವರು ಸುರಿಸಿದ್ದಾರೆ.

ಅಣ್ಣ: ಅತ್ತೆ, ಪ್ಲಾನ್ ಅವರದೇ ಅಲ್ವಾ? ಮುಗಿಸಿದೋರು ಯಾರಾದ್ರೇನು?

ಮೈಸೂರು ಅತ್ತೆ: ದುಡ್ಡು ಕೊಟ್ಟೋರು ನಾಲ್ವಡಿ ಕೃಷ್ಣರಾಜ ಒಡೆಯರು. ಎಷ್ಟೋ ಜನ ಬೇಡ ಅಂದಾಗ ಹೂಂ ಅಂದೋರು ಅವರು. ಅವರ ಹೆಸರು ಈ ಬರಹದಲ್ಲಿ ಒಂದ್ಸಲನಾದ್ರೂ ಬಂದಿದ್ಯಾ ನೋಡು.

ದೊಡ್ಡಪ್ಪ: ತಂಗಿ, ರಾಜ್ರನ್ನ ಯಾರೂ ಮರ್ತಿಲ್ಲ ಕಣವ್ವ. ಕಟ್ಟೆಗೆ ಅವರ ಹೆಸ್ರೇ ಇಟ್ಟವ್ರೆ. ಆದ್ರೆ ನೀನು ಹಿಂಗೆ ಲೆಕ್ಕ ಹಾಕ್ತಾ ಹೋದ್ರೆ ಆ ದೊಡ್ಡ ಮನ್ಸನ್ನ ಸಣ್ಣೋನ್ ಮಾಡ್ದಂಗೆ ಆಯ್ತದೆ.

ದೊಡ್ಡಪ್ಪ ಈ ಮಾತು ಬರೆದಾಗ ನಾನು ಕಾಲೇಜಿಗೆ ಹೊರಡ್ತಿದ್ದೆ. ಬಸ್ ಸ್ಟ್ಯಾಂಡಲ್ಲಿ ನಿಂತೇ ಉತ್ತರ ಬರೆದೆ. ಈ ವಿಷಯ ನನಗೆ ಯಾವತ್ತೂ ಬರೀ ಪಾಠ ಅನ್ನಿಸಿಲ್ಲ.

ನಾನು: ದೊಡ್ಡಪ್ಪ, ಅವರನ್ನ ಸಣ್ಣೋರು ಮಾಡಿರೋದು ಈ ಫಾರ್ವರ್ಡೇ ಅನ್ಸುತ್ತೆ ನಂಗೆ. ಮೇಣದಬತ್ತಿ ಕತೆ ಯಾವ ಪ್ರಾಮಾಣಿಕ ಅಧಿಕಾರಿಗೆ ಬೇಕಾದ್ರೂ ಹೊಂದುತ್ತೆ. ಅವರೊಬ್ಬರಿಗೇ ಹೊಂದೋ ಕತೆ ಬೇರೆ ಇದೆ, ಅದು ಇದರಲ್ಲಿಲ್ಲ. ಮೈಸೂರು ಕೇಳಿದ್ದು 41.5 ಟಿಎಂಸಿ ನೀರು ನಿಲ್ಲಿಸೋ ಕಟ್ಟೆ (ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ). ಮದರಾಸಿನವರು ಒಪ್ಪಲಿಲ್ಲ. ಸಿಕ್ಕ ಅನುಮತಿ 11 ಟಿಎಂಸಿಯ ಚಿಕ್ಕ ಕಟ್ಟೆಗೆ ಮಾತ್ರ. ಆದ್ರೂ ಅವರು ಪಾಯ ಹಾಕಿಸಿದ್ದು ದೊಡ್ಡ ಕಟ್ಟೆಯ ಅಗಲಕ್ಕೇ. ಮುಂದೆ ಒಂದಿನ ಅನುಮತಿ ಸಿಕ್ಕೇ ಸಿಗುತ್ತೆ, ಆಗ ಅಗಲ ಸಾಲದೇ ಹೋದ್ರೆ ಇಡೀ ಕೆಲಸ ವ್ಯರ್ಥ ಅಂತ. ವ್ಯಾಜ್ಯ ನಡೀತಾನೇ ಇತ್ತು, ಒಪ್ಪಂದ ಆಗಿದ್ದು 1924ರಲ್ಲಿ. ಅಷ್ಟೊತ್ತಿಗೆ ಅವರು ಅಧಿಕಾರ ಬಿಟ್ಟು ಆರು ವರ್ಷ ಆಗಿತ್ತು. ತಾನಿಲ್ಲದ ಕಾಲಕ್ಕೆ ಪಾಯ ಹಾಕಿಟ್ಟು ಹೋದೋರು ಅವರು. ಒಬ್ಬರೇ ಮುಗಿಸಿದ್ರು ಅಂತ ಬರೆದ್ರೆ ಆ ದೊಡ್ಡತನವೇ ಕಾಣಲ್ಲ.

ಚಿಕ್ಕಪ್ಪ: ಇದು ಗೊತ್ತಿರಲಿಲ್ಲ ನೋಡು.

ಅಣ್ಣ: ನಾನು ಸಿವಿಲ್ ಓದಿದೋನು. ನಮಗೆ ಆ ಕಟ್ಟೆಗೆ ಬಳಸಿದ ಸುರ್ಕಿ ಗಾರೆ (ಸುಣ್ಣ, ಇಟ್ಟಿಗೆ ಪುಡಿಯ ಗಾರೆ) ಬಗ್ಗೆ ಹೇಳಿದ್ರು, ಈ ಪಾಯದ ವಿಚಾರ ಯಾರೂ ಹೇಳಲಿಲ್ಲ.

ಮೈಸೂರು ಅತ್ತೆ: ಇನ್ನೊಂದು ವಿಚಾರನೂ ಇದರಲ್ಲಿ ಬಿಟ್ಟಿದ್ದಾರೆ. ಅವರು 1918ರಲ್ಲಿ ಯಾಕೆ ಬಿಟ್ಟು ಹೋದ್ರು? ಸರ್ಕಾರಿ ಕೆಲಸದಲ್ಲಿ ಹಿಂದುಳಿದೋರಿಗೆ ಪಾಲು ಕೊಡೋಕೆ ನಾಲ್ವಡಿಯವರು ಮಿಲ್ಲರ್ ಸಮಿತಿ ಮಾಡಿದ್ರು. ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆ ಆಗಲಿಲ್ಲ. ಅರ್ಹತೆ ಒಂದನ್ನೇ ನೋಡ್ಬೇಕು ಅನ್ನೋದು ಅವರ ನಿಲುವು.

ಅರ್ಧ ಗಂಟೆ ಗುಂಪಲ್ಲಿ ಯಾರೂ ಮಾತಾಡಲಿಲ್ಲ.

ದೊಡ್ಡಪ್ಪ: ಇದನ್ನ ಇವತ್ತೇ ಹೇಳ್ಬೇಕಾಗಿತ್ತಾ ತಂಗಿ? ಹುಟ್ಟಿದ ಹಬ್ಬದ ದಿನ?

ಮೈಸೂರು ಅತ್ತೆ: ಅಣ್ಣಯ್ಯ, ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದೀನಿ. ನಮ್ಮ ದೊಡ್ಡ ತಾತ ನಮ್ಮ ಮನೆತನದಲ್ಲಿ ಮೊದಲ ಮೇಷ್ಟ್ರಾಗಿದ್ದು ಆ ಸಮಿತಿಯ ವರದಿ ಬಂದಮೇಲೆ. ಅವರು ಮೇಷ್ಟ್ರಾಗದೇ ಇದ್ದಿದ್ರೆ ನಾನು ಓದ್ತಿದ್ನಾ? ಇದನ್ನ ಮುಚ್ಚಿಟ್ಟು ಆ ಮಹಾನುಭಾವರ ಚರಿತ್ರೆ ಬರೆದ್ರೆ ನನ್ನ ಚರಿತ್ರೆನೂ ಮುಚ್ಚಿಟ್ಟಂಗೆ.

ನಾನು: ಅತ್ತೆ ಹೇಳ್ತಿರೋದು ನಿಜ ದೊಡ್ಡಪ್ಪ. ನಾಲೆ ನೀರು ಕುಡಿದು, ಅವರು ಒಪ್ಪದೇ ಇದ್ದ ಮೀಸಲಾತಿಯಿಂದ ಓದಿದೋರು ನಾವು. ಎರಡು ಋಣನೂ ನಮ್ಮದೇ.

ದೊಡ್ಡಪ್ಪ: ನಂಗೆ ಅದೆಲ್ಲ ತಿಳೀದವ್ವ. ನಮ್ಮಪ್ಪ ಹೇಳೋರು, ನಾಲೆ ಬರೋಕ್ ಮುಂಚೆ ಈ ಸುತ್ತಲೆಲ್ಲ ರಾಗಿ ಹೊಲ, ಮಳೆ ಕೈಕೊಟ್ರೆ ಅದೂ ಇಲ್ಲ ಅಂತ. ನಾಲೆ ಬಂತು, ಭತ್ತ ಬಂತು, ಕಬ್ಬು ಬಂತು. ಅದಕ್ಕೇ ನಮ್ ಹಟ್ಟೀಲಿ ದೇವ್ರ ಪಟದ ಪಕ್ಕದಲ್ಲೇ ಅವರ ಪಟ.

ನಾನು: ಆ ಕಬ್ಬಿನ ಹಿಂದೆ ಇನ್ನೊಬ್ಬರಿದ್ದಾರೆ ದೊಡ್ಡಪ್ಪ. ಲೆಸ್ಲಿ ಕೋಲ್ಮನ್ ಅಂತ, ಕೆನಡಾದೋರು. 1908ರಲ್ಲಿ ಮೈಸೂರಿಗೆ ಬಂದು, ಮಲೆನಾಡಿನ ಅಡಿಕೆ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯೋದು ಕಲಿಸಿದೋರು. 1933ರಲ್ಲಿ ನಮ್ಮ ಮಂಡ್ಯದ ಸಕ್ಕರೆ ಕಾರ್ಖಾನೆ ಬರೋಕೆ ಓಡಾಡಿದೋರೂ ಅವರೇ. ಅವರ ಬದುಕಿನ ಬಗ್ಗೆ ಈ ಗುಂಪಿಗೆ ಒಂದು ಫಾರ್ವರ್ಡ್ ಕೂಡ ಬಂದಿಲ್ಲ.

ಅಣ್ಣ: ಹಾಗಂತ ಎಲ್ಲರ ಹೆಸರು ತುರುಕಿದ್ರೆ ಯಾರು ಓದ್ತಾರೆ? ಒಬ್ಬ ಮನುಷ್ಯನ ಕತೆ ಅಂದ್ರೇನೇ ಮಕ್ಕಳಿಗೆ ಹತ್ತೋದು. ನಾನು ಎಂಜಿನಿಯರ್ ಆಗಿದ್ದು ಇಂಥ ಒಂದು ಸಣ್ಣ ಪುಸ್ತಕ ಓದಿ.

ಈ ಮಾತಿಗೆ ನನ್ನ ಹತ್ರ ತಕ್ಷಣ ಉತ್ತರ ಇರಲಿಲ್ಲ. ಅಣ್ಣನಿಗೆ ಆ ಪುಸ್ತಕ ಕೊಟ್ಟಿದ್ದು ಅಪ್ಪ. ಅದರ ರಟ್ಟು ಹರಿದಾಗ ಹಳೇ ಕ್ಯಾಲೆಂಡರಿನ ಹಾಳೆ ಹೊದಿಸಿಕೊಂಡು ಓದ್ತಿದ್ದ. ಆ ಹುಡುಗನಿಗೆ ಸುಳ್ಳು ಓದಿದೆ ಅಂತ ಹೇಳೋದು ಹೇಗೆ? ಅಷ್ಟರಲ್ಲಿ ಪಾಂಡವಪುರದ ಚಿಕ್ಕಮ್ಮ ಬಂದ್ರು. ಅಜ್ಜಿ, ಅಂದ್ರೆ ಚಿಕ್ಕಮ್ಮನ ಅತ್ತೆ, ಇರೋದು ಅವರ ಮನೇಲಿ.

ಚಿಕ್ಕಮ್ಮ: ಅತ್ತೆಗೆ ಎಲ್ಲ ಓದಿ ಹೇಳ್ದೆ. ಅವರು ಹೇಳಿದ್ದನ್ನ ಹಂಗೇ ಬರೀತೀನಿ. "ಎಲ್ರೂ ಕಟ್ಟಿದೋರ ಮಾತೇ ಆಡ್ತೀರಿ. ಊರು ಬಿಟ್ಟೋರ ಮಾತು ಯಾರಾಡ್ತೀರಿ? ನಮ್ಮತ್ತೆ ಮದ್ವೆಯಾಗಿ ಹಳೇ ಕನ್ನಂಬಾಡಿಗೆ ಬಂದು ಇನ್ನೂ ವರ್ಷ ತುಂಬಿರ್ನಿಲ್ಲ, ಊರು ಬಿಡಿ ಅಂದ್ರಂತೆ. ಕೊಟ್ಟಿಗೆ, ಕಣ, ಬಾವಿ ಎಲ್ಲ ಬಿಟ್ರು. ಬಾಗಿಲುವಾಡ ಒಂದನ್ನ ಕಿತ್ತು ಗಾಡಿಗೆ ಹಾಕ್ಕೊಂಡು ಬಂದ್ರು. ನೀರು ಇಳಿದ ವರ್ಷ ಗೋಪಾಲಸ್ವಾಮಿ ಗುಡಿ ಕಾಣೋದು. ಆಗ ನಮ್ಮತ್ತೆ ದಡದಲ್ಲಿ ನಿಂತು, ಅಕೋ ಅಲ್ಲಿ ನಮ್ಮನೆ ಇತ್ತು ಅನ್ನೋರು."

ಚಿಕ್ಕಮ್ಮ: ಇಷ್ಟು ಹೇಳಿ ಕಣ್ಣು ಒರೆಸ್ಕೊಂಡ್ರು.

ದೊಡ್ಡಪ್ಪ ಬರೀತಾ ಇದ್ದಾರೆ ಅಂತ ಬಹಳ ಹೊತ್ತು ತೋರಿಸ್ತಾನೇ ಇತ್ತು. ಕೊನೆಗೆ ಬಂದಿದ್ದು ಒಂದು ಫೋಟೋ. ಅವರ ಹಟ್ಟಿಯ ನಡುಮನೆ ಬಾಗಿಲು. ಹೊಸ್ತಿಲು ನಡುವೆ ತಟ್ಟೆಯ ಹಾಗೆ ಸವೆದಿದೆ. ಎಡಗಡೆಯ ಕಂಬದಲ್ಲಿ ಕೆತ್ತಿರೋ ಹೂವಿನ ಒಂದು ಎಸಳು ಸೀಳಿದೆ. ಹಳ್ಳ ದಾಟುವಾಗ ಗಾಡಿ ಮಗುಚಿ ಆಗಿದ್ದಂತೆ ಅದು. ಸಣ್ಣವಳಿದ್ದಾಗ ಅದರೊಳಗೆ ಬೆರಳಿಟ್ಟು ಆಡಿದ್ದೀನಿ. ಬಾಗಿಲಿನ ಮೇಲೆ ಪೇಟ ತೊಟ್ಟ ವಿಶ್ವೇಶ್ವರಯ್ಯನವರ ಪಟ, ಬೆಳಗ್ಗೆ ಹಾಕಿದ ಸೇವಂತಿಗೆ ಹಾರ.

ದೊಡ್ಡಪ್ಪ: ಪಟ ಹಾಕಿದೋನು ನಾನೇ. ದಿನಾ ಇದರಡಿಯಲ್ಲೇ ಓಡಾಡ್ತೀನಿ. ಬಾಗ್ಲು ಎಲ್ಲಿಂದ ಬಂತು ಅಂತ ಗೊತ್ತಿತ್ತು. ಪಟನೂ ಬಾಗ್ಲನ್ನೂ ಒಟ್ಗೆ ಇಟ್ಟು ಯೋಚ್ನೆ ಮಾಡಿರ್ನಿಲ್ಲ. ಪಟ ಅಂತೂ ತೆಗೆಯಾಕಿಲ್ಲ.

ಮೈಸೂರು ಅತ್ತೆ: ತೆಗಿ ಅಂತ ಯಾರಂದ್ರು ಅಣ್ಣಯ್ಯ? ಅಲ್ಲೇ ಇರಲಿ.

ಅಣ್ಣ: ಸರಿ, ನಾನು ಬೆಳಗ್ಗೆ ಹಾಕಿದ್ದನ್ನ ಆಫೀಸಿನ ಗುಂಪಿಂದ ತೆಗೀತಿದೀನಿ. ಪಾಯದ ವಿಚಾರ, 1931, ಮಿಲ್ಲರ್ ಸಮಿತಿ ಸೇರಿಸಿ ಬರೀತೀನಿ. ತಂಗಿ, ತಪ್ಪಿದ್ರೆ ನೀನು ತಿದ್ದು. ಊರು ಬಿಟ್ಟೋರ ವಿಚಾರ ನನಗೆ ಸಾಲದು. ಚಿಕ್ಕಮ್ಮ, ಅಜ್ಜಿ ಎಚ್ಚರ ಇದ್ದಾರಾ?

ಚಿಕ್ಕಮ್ಮ: ಇದ್ದಾರೆ. ಎಲೆಅಡಿಕೆ ಹಾಕ್ಕೋತಾ ಕೂತವ್ರೆ.

ಅಣ್ಣ: ಫೋನ್ ಕೊಡಿ. ಬರ್ಕೋತೀನಿ.