ಕೋರ್ಸ್‌ವಾರು ಜಮಾ-ಖರ್ಚು ಹಿಡಿಯಲು ಲೆಕ್ಕದ ಕೋಡ್ ಹೇಗಿರಬೇಕು?

ಜಮಾಖರ್ಚು (ಸದಸ್ಯರೊಬ್ಬರ ಅಡ್ಡಹೆಸರು; ಮುಂದೆ ಬರುವ ತಾಳೆಪಟ್ಟಿ, ಕೈಬರಹ, ಯುಸಿಮೇಜು ಕೂಡ ಹಾಗೆಯೇ) ಕೇಳಿದ್ದು:

ರಾಜ್ಯ ವಿಶ್ವವಿದ್ಯಾಲಯವೊಂದರ ಹಣಕಾಸು ವಿಭಾಗ. ಲೆಕ್ಕ ಬರೆಯುವುದು ಟ್ಯಾಲಿಪ್ರೈಮ್ ಎಂಬ ತಂತ್ರಾಂಶದಲ್ಲಿ. ಸ್ವಹಣಕಾಸು (ತಮ್ಮ ಶುಲ್ಕದಲ್ಲೇ ನಡೆಯುವ) ಕೋರ್ಸ್ 14, ಕೇಂದ್ರದ ಅನುದಾನದಲ್ಲಿ ನಡೆಯುವ ಸಂಶೋಧನಾ ಯೋಜನೆ 9. ಸದ್ಯ ಪ್ರತಿ ಕೋರ್ಸಿಗೂ ಬೇರೆ ಲೆಡ್ಜರ್ (ಲೆಕ್ಕದ ಖಾತೆ) ಇದೆ: ‘ಅತಿಥಿ ಉಪನ್ಯಾಸಕರ ಗೌರವಧನ, ಎಂಬಿಎ’, ‘ಅತಿಥಿ ಉಪನ್ಯಾಸಕರ ಗೌರವಧನ, ಎಂಸಿಎ’, ಹೀಗೆ. ಲೆಡ್ಜರ್‌ಗಳು 600 ದಾಟಿವೆ. ಆದರೂ ಎಂಸಿಎಗೆ ಬಂದದ್ದೆಷ್ಟು, ಹೋದದ್ದೆಷ್ಟು ಎಂದರೆ ಎಕ್ಸೆಲ್ ಮುಂದೆ ಎರಡು ದಿನ ಕೂರಬೇಕು. ಏಪ್ರಿಲ್ 1ರಿಂದ ಹೊಸ ಕೋಡ್ ತರಬೇಕಿದೆ. ಎಷ್ಟು ಅಂಕಿ ಇಡಬೇಕು, ಯಾವುದರಲ್ಲಿ ಏನು ಇರಬೇಕು?

ತಾಳೆಪಟ್ಟಿ ಉತ್ತರ:

ಮೊದಲು ಲೆಡ್ಜರ್ ಹೆಸರಿನಿಂದ ಕೋರ್ಸನ್ನು ಕಿತ್ತುಹಾಕಿ ಸರ್. ಗೌರವಧನಕ್ಕೆ ಒಂದೇ ಲೆಡ್ಜರ್ ಸಾಕು. ಯಾರ ದುಡ್ಡು, ಯಾವ ವಿಭಾಗ, ಯಾವ ಕೋರ್ಸ್, ಯಾವ ಬಾಬ್ತು (ಖರ್ಚು ಅಥವಾ ಆದಾಯದ ಬಗೆ) ಎಂಬ ನಾಲ್ಕು ಪ್ರಶ್ನೆಗೆ ನಾಲ್ಕು ತುಂಡು ಇರಲಿ. 2+2+3+4, ಒಟ್ಟು 11 ಅಂಕಿ. ಉದಾಹರಣೆಗೆ 03-12-045-4210 ಎಂದರೆ ಸ್ವಹಣಕಾಸು ನಿಧಿ, ಗಣಕ ವಿಭಾಗ, ಎಂಸಿಎ, ಗೌರವಧನ. ಒಂದು ತುಂಡಿನ ಉತ್ತರವನ್ನು ಇನ್ನೊಂದರಲ್ಲಿ ತುರುಕಿದ ದಿನವೇ ಪದ್ಧತಿ ಕೆಡುತ್ತದೆ.

ಕೋಡ್‌ನಲ್ಲಿ ವರ್ಷ ಸೇರಿಸಬೇಡಿ. ವೋಚರ್ (ಪ್ರತಿ ವ್ಯವಹಾರದ ನಮೂದು) ತಾರೀಖಿನಲ್ಲೇ ವರ್ಷ ಇರುತ್ತದೆ. ಕೋರ್ಸಿನ ಅಂಕಿಗಳನ್ನು 5ರ ಅಂತರದಲ್ಲಿ ಕೊಡಿ (040, 045, 050), ಮುಂದೆ ಹೊಸ ಕೋರ್ಸ್ ಬಂದರೆ ಜಾಗ ಬೇಕು. ಮುಚ್ಚಿದ ಕೋರ್ಸಿನ ಕೋಡನ್ನು ಮತ್ತೊಂದಕ್ಕೆ ಕೊಡಲೇಬೇಡಿ, ಹಳೆಯ ವರ್ಷದ ವರದಿ ತೆಗೆದಾಗ ಎರಡೂ ಕಲಸಿಹೋಗುತ್ತವೆ. ‘999 ಸಾಮಾನ್ಯ’ ಎಂಬ ಕೋಡ್ ಅನಿವಾರ್ಯವಾದರೆ ಅದನ್ನು ಸೂಪರಿಂಟೆಂಡೆಂಟ್ ಒಬ್ಬರೇ ಹಾಕುವಂತಿರಲಿ. ಎಲ್ಲರ ಕೈಗೂ ಕೊಟ್ಟರೆ ಮಾರ್ಚ್ ಹೊತ್ತಿಗೆ ಅರ್ಧ ಖರ್ಚು ಅಲ್ಲೇ ಬಿದ್ದಿರುತ್ತದೆ.

ಎಕ್ಸೆಲ್‌ಗೆ ತಂದಾಗ ಒಂದು ಅಪಾಯ ಇದೆ. ಗೆರೆ ಇಲ್ಲದೆ 03120454210 ಎಂದು ತಂದರೆ ಮೊದಲ ಸೊನ್ನೆ ಹಾರಿ 3120454210 ಆಗುತ್ತದೆ, ಆಮೇಲೆ ಯಾವ ತಾಳೆಯೂ ಕೂಡುವುದಿಲ್ಲ. ಆ ಕಾಲಂ ‘ಟೆಕ್ಸ್ಟ್’ ಆಗಿರುವಂತೆ ನೋಡಿಕೊಂಡೇ ಫೈಲ್ ತೆರೆಯಿರಿ.

ಕೈಬರಹ ಉತ್ತರ:

ಟ್ಯಾಲಿಯಲ್ಲಿ ಹೀಗೆ ಮಾಡಿ. ಎಫ್11 ಕೀ ಒತ್ತಿ ಕಾಸ್ಟ್ ಸೆಂಟರ್ (ಮೊತ್ತ ಯಾವ ಕೋರ್ಸ್ ಅಥವಾ ಯೋಜನೆಯದ್ದೆಂದು ತೋರುವ ಗುರುತು) ಆನ್ ಮಾಡಿ. ‘ನಿಧಿ’ ಒಂದು ಕಾಸ್ಟ್ ಕೆಟಗರಿ (ಸೆಂಟರ್‌ಗಳ ಗುಂಪು), ‘ಕೋರ್ಸ್’ ಇನ್ನೊಂದು. ವಿಭಾಗವನ್ನು ಮೇಲಿನ ಸೆಂಟರ್ ಮಾಡಿ ಕೋರ್ಸನ್ನು ಅದರ ಕೆಳಗೆ ಇಟ್ಟರೆ ಮೊತ್ತ ತಾನೇ ಕೂಡುತ್ತದೆ. ಬಾಬ್ತಿನ ನಾಲ್ಕಂಕಿ ಲೆಡ್ಜರಿಗೆ ಹೋಗಲಿ.

ಬಹಳ ಜನ ಎಡವುವುದು ಕೆಟಗರಿ ಮಾಡುವಾಗ. ‘ಅಲೋಕೇಟ್ ನಾನ್-ರೆವಿನ್ಯೂ ಐಟಮ್ಸ್’ (ಆಸ್ತಿ, ಮುಂಗಡದಂಥವಕ್ಕೂ ಸೆಂಟರ್ ಹಾಕುವ ಆಯ್ಕೆ) ತಾನಾಗಿ ‘ನೋ’ ಇರುತ್ತದೆ. ಅದನ್ನು ‘ಯೆಸ್’ ಮಾಡಿ, ಉಪಕರಣ ಮತ್ತು ಮುಂಗಡದ ಲೆಡ್ಜರ್‌ಗಳಲ್ಲೂ ಕಾಸ್ಟ್ ಸೆಂಟರ್ ಅನ್ವಯ ಎಂದು ಕೊಡಿ. ಇಲ್ಲದಿದ್ದರೆ ಯೋಜನೆಯಿಂದ 8 ಲಕ್ಷದ ಯಂತ್ರ ಕೊಂಡರೂ ಅದರ ವರದಿಯಲ್ಲಿ ಒಂದು ರೂಪಾಯಿಯೂ ಕಾಣುವುದಿಲ್ಲ. ಹಿಂದೆ ಹಾಕಿದ ವೋಚರ್‌ಗಳಿಗೆ ಸೆಂಟರ್ ತಾನಾಗಿ ಅಂಟಿಕೊಳ್ಳುವುದಿಲ್ಲ, ಆದ್ದರಿಂದ ಏಪ್ರಿಲ್ 1ರ ಮೊದಲ ವೋಚರಿನ ಮುಂಚೆಯೇ ಇದೆಲ್ಲ ಮುಗಿದಿರಬೇಕು.

ತಿಂಗಳ ಕೊನೆಗೆ ಒಂದೊಂದು ಕೆಟಗರಿಯ ಖರ್ಚಿನ ಮೊತ್ತವನ್ನೂ ಬೇರೆ ಬೇರೆಯಾಗಿ ಟ್ರಯಲ್ ಬ್ಯಾಲೆನ್ಸ್ (ಎಲ್ಲ ಲೆಡ್ಜರ್‌ಗಳ ಬಾಕಿಯ ಪಟ್ಟಿ) ಜೊತೆ ಹೋಲಿಸಿ. ವ್ಯತ್ಯಾಸ ಬಂದಷ್ಟು ಎಲ್ಲೋ ಕೋಡ್ ಬಿಟ್ಟುಹೋಗಿದೆ ಎಂದೇ ಅರ್ಥ.

ಯುಸಿಮೇಜು ಉತ್ತರ:

ಕೇಂದ್ರದ ಯೋಜನೆಗಳಿಗೆ ಇನ್ನೊಂದು ಮಾತು. ಬಳಕೆ ಪ್ರಮಾಣಪತ್ರದ ಜಿಎಫ್‌ಆರ್ (ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು) 12-ಎ ನಮೂನೆಯಲ್ಲಿ ಸಾಮಾನ್ಯ, ವೇತನ, ಬಂಡವಾಳ ಆಸ್ತಿ ಮೂರನ್ನೂ ಬೇರೆ ಬೇರೆ ತೋರಿಸಬೇಕು. ಮಂಜೂರಾತಿ ಆದೇಶದಲ್ಲಿ ಬರುವ 31, 36, 35 ಎಂಬ ಶೀರ್ಷಿಕೆಗಳು ಇವೇ. ಪ್ರತಿ ಯೋಜನೆಯ ಕೆಳಗೆ ಈ ಮೂರನ್ನೂ ಉಪ-ಸೆಂಟರ್ ಮಾಡಿ.

ಖರ್ಚನ್ನು ಪೂರ್ಣ ಮೊತ್ತಕ್ಕೇ ಬರೆಯಿರಿ. ಸಂಪನ್ಮೂಲ ವ್ಯಕ್ತಿಗೆ 10,000 ರೂಪಾಯಿ ಸಂಭಾವನೆ, ಅದರಲ್ಲಿ 1,000 ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಕಡಿತ ಎಂದಿಟ್ಟುಕೊಳ್ಳಿ. ಬ್ಯಾಂಕಿನಿಂದ ಹೋದ 9,000ಕ್ಕೆ ಮಾತ್ರ ಯೋಜನೆಯ ಕೋಡ್ ಹಾಕಿದರೆ ಖರ್ಚು 1,000 ಕಡಿಮೆ ಕಾಣುತ್ತದೆ. ಬಿಲ್ ನಮೂದಿಸುವಾಗಲೇ 10,000ಕ್ಕೂ ಕೋಡ್ ಬೀಳಬೇಕು.

ವಿಚಾರಸಂಕಿರಣಕ್ಕೆ ಪ್ರಾಧ್ಯಾಪಕರಿಗೆ ಕೊಟ್ಟ ಮುಂಗಡ ಖರ್ಚಲ್ಲ. ಬಿಲ್ ಕೊಟ್ಟು ಹೊಂದಾಣಿಕೆ ಆಗುವತನಕ ಅದು ಮುಂಗಡವೇ. 12-ಎ ವರ್ಷಾರಂಭದ ಬಾಕಿಯಲ್ಲೇ ಹೊಂದಾಣಿಕೆಯಾಗದ ಮುಂಗಡವನ್ನು ಪ್ರತ್ಯೇಕ ಕೇಳುತ್ತದೆ. ಅನುದಾನದ ಮೇಲಿನ ಬಡ್ಡಿಗೂ ಯೋಜನೆಯ ಕೋಡ್ ಬೇಕು, ಏಕೆಂದರೆ ಜಿಎಫ್‌ಆರ್ 2017ರ ನಿಯಮ 230(8)ರಂತೆ ಅದು ಭಾರತದ ಸಂಚಿತ ನಿಧಿಗೆ ವಾಪಸು ಹೋಗಬೇಕು. ಎಲ್ಲ ಯೋಜನೆಗೂ ಒಂದೇ ಉಳಿತಾಯ ಖಾತೆ ಇದ್ದರೆ ಬಡ್ಡಿ ಹಂಚುವುದೇ ದೊಡ್ಡ ತಲೆನೋವು.

ಜಮಾಖರ್ಚು:

ತುಂಬ ಉಪಕಾರವಾಯಿತು. ಎರಡು ಕೋರ್ಸಿಗೂ ಪಾಠ ಮಾಡುವ ಅತಿಥಿ ಉಪನ್ಯಾಸಕರಿಗೆ ಯಾವ ಕೋಡ್? ಕೋರ್ಸಿನಿಂದ ವಿಶ್ವವಿದ್ಯಾಲಯಕ್ಕೆ ಹೋಗುವ ಪಾಲು?

ತಾಳೆಪಟ್ಟಿ:

ಗೌರವಧನವನ್ನು ವೇಳಾಪಟ್ಟಿಯ ಗಂಟೆ ನೋಡಿ ಹಂಚಿ. ವಾರಕ್ಕೆ ಎಂಸಿಎ 10, ಎಂಎಸ್ಸಿ 6 ಆದರೆ 32,000ದಲ್ಲಿ 20,000 ಮತ್ತು 12,000. ಗಂಟೆಯ ಪಟ್ಟಿಗೆ ವಿಭಾಗ ಮುಖ್ಯಸ್ಥರ ಸಹಿ ಬಿಲ್ ಜೊತೆಗೇ ಬರಲಿ. ವರ್ಷದ ಕೊನೆಗೆ ಅಂದಾಜಿನಲ್ಲಿ ಹಂಚಿದ್ದಕ್ಕೆ ಆಡಿಟ್‌ನಲ್ಲಿ ಆಧಾರ ತೋರಿಸಲಾಗುವುದಿಲ್ಲ.

ಪಾಲಿಗೆ ಜೋಡಿ ಬಾಬ್ತು ತೆರೆಯಿರಿ: ಕೋರ್ಸ್ ಕಡೆ 4990, ವಿಶ್ವವಿದ್ಯಾಲಯದ ಕಡೆ 3990. ಕ್ರೋಡೀಕೃತ (ಇಡೀ ವಿಶ್ವವಿದ್ಯಾಲಯದ ಒಟ್ಟು) ಲೆಕ್ಕದಲ್ಲಿ ಎರಡನ್ನೂ ಹೊಡೆದುಹಾಕಬೇಕು. ಮಾಮೂಲಿ ಖರ್ಚು, ಮಾಮೂಲಿ ಆದಾಯದಲ್ಲಿ ಬರೆದರೆ ಒಂದೇ ಶುಲ್ಕದ ಹಣ ಎರಡು ಸಲ ಆದಾಯವಾಗಿ ಎಣಿಕೆಯಾಗುತ್ತದೆ.

ಶುಲ್ಕದ ಚಲನ್‌ನಲ್ಲೇ ಕೋರ್ಸ್ ಕೋಡ್ ಮುದ್ರಿಸಿ. ಬ್ಯಾಂಕಿನಿಂದ ದಿನಕ್ಕೊಂದು ಇಡಿಗಂಟು ಮೊತ್ತ ಬಂದರೆ ಅದೆಲ್ಲ ಸಸ್ಪೆನ್ಸ್‌ಗೆ (ಯಾವುದರದ್ದೆಂದು ತಿಳಿಯದ ಹಣದ ತಾತ್ಕಾಲಿಕ ಖಾತೆಗೆ) ಹೋಗಿ ಕೂರುತ್ತದೆ.