ಅಪ್‌ಡೇಟ್: ಬೇಲಿ ತೋಡುವ, ಒಳಗೆ ಬರಲೊಲ್ಲದ ಮೊಲ

ಹೋದ ವಾರ ಕೇಳಿದ್ದೆನಲ್ಲ, ಮನೆಯೊಳಗೆ ಸಾಕಿದ ಮೊಲವನ್ನು ಸಂಜೆ ಕೈತೋಟಕ್ಕೆ ಬಿಟ್ಟರೆ ಬೇಲಿಯ ಬುಡ ತೋಡುತ್ತೆ, ಕರೆದರೆ ಒಳಗೆ ಬರಲ್ಲ ಅಂತ. ಎರಡೂ ಬಗೆಹರಿಯಿತು!

ಇಟ್ಟಿಗೆ ಸಾಲು ಇಟ್ಟಿದ್ದು ದಂಡ. ಪಕ್ಕದಲ್ಲೇ ಇನ್ನೊಂದು ಗುಂಡಿ ಶುರು. ತಂತಿ ಜಾಲರಿಯನ್ನು ಬೇಲಿಯ ಬುಡದಿಂದ ಒಳಕ್ಕೆ 2 ಅಡಿ ನೆಲದ ಮೇಲೆ ಹಾಸಿ ಗೂಟ ಹೊಡೆಯಿರಿ ಅಂದವರಿಗೆ ದೊಡ್ಡ ನಮಸ್ಕಾರ. ಈಗ ಬುಡಕ್ಕೇ ಹೋಗಿ ಕೆರೆಯುತ್ತಾಳೆ, ಕಾಲಿಗೆ ತಂತಿ ತಾಗಿದ ಕೂಡಲೇ ಮುಖ ಊದಿಸಿಕೊಂಡು ವಾಪಸ್ಸು. ಜಾಲರಿಯ ಮೇಲೇ ಹುಲ್ಲೂ ಬೆಳೀತಿದೆ.

ಇನ್ನು ಒಳಗೆ ಬಾರದ ವಿಷಯ: ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತಿದ್ದದ್ದೇ ನನ್ನ ತಪ್ಪು. ಅವಳ ಊಟಕ್ಕೆ ಮುಂಚೆ ಬಿಟ್ಟು, ಆಮೇಲೆ ಪೆಲೆಟ್ (ಮೊಲದ ಒಣ ಉಂಡೆ ಆಹಾರ) ಡಬ್ಬಿ ಅಲ್ಲಾಡಿಸಿದೆ. ನಾಲ್ಕನೇ ದಿನಕ್ಕೆ ತಾನೇ ಓಡಿ ಬಂದಳು.

ಗೊತ್ತಿಲ್ಲದಿದ್ದದ್ದು ಒಂದು: ಹಸಿ ಹುಲ್ಲು ಒಮ್ಮೆಲೇ ಜಾಸ್ತಿ ತಿಂದು ಹಿಕ್ಕೆ ಮೆತ್ತಗಾಗಿತ್ತು. ಡಾಕ್ಟರ್ ಹೇಳಿದಂತೆ ಮೇಯಲು ಬಿಡುವುದನ್ನು 10 ನಿಮಿಷದಿಂದ ಶುರುಮಾಡಿ ನಿಧಾನಕ್ಕೆ ಹೆಚ್ಚಿಸುತ್ತಿದ್ದೇನೆ.